ದಾವಣಗೆರೆ ಬಿಸಿಲಲ್ಲಿ ರೀಫ್ ಟ್ಯಾಂಕ್: ಚಿಲ್ಲರ್ ಮತ್ತು ಆರ್‌ಓ-ಡಿಐ ಬಳಸಿದ ಅನುಭವ

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅನ್ನುವವರು ಮೊದಲು ಕೇಳುವುದು ಲೈಟ್ ಯಾವುದು, ಮೀನು ಯಾವುದು ಅಂತ. ನಮ್ಮೂರಲ್ಲಿ ದುಡ್ಡು ಹಾಕಬೇಕಾದ್ದು ಬೇರೆ ಎರಡು ಕಡೆ: ನೀರು ತಣ್ಣಗಿಡುವ ಚಿಲ್ಲರ್ ಮತ್ತು ನೀರಲ್ಲಿ ಕರಗಿದ ಲವಣ ತೆಗೆಯುವ ಆರ್‌ಓ-ಡಿಐ ಫಿಲ್ಟರ್. ನಿಟ್ಟುವಳ್ಳಿಯ ನಮ್ಮ ಮನೆಯ 200 ಲೀಟರ್ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕ್, ಹಲವು ಬೇಸಿಗೆ ದಾಟಿದೆ ಅಂದರೆ ಇವೆರಡರಿಂದಲೇ.

ಹವಳಕ್ಕೆ 24ರಿಂದ 26 ಡಿಗ್ರಿ ಹಿತ. 30 ದಾಟಿ ಕೆಲವು ದಿನ ಹಾಗೇ ಇದ್ದರೆ ಅದರ ಮೈಯೊಳಗಿನ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಅದರ ಊಟ ಬಹುಪಾಲು ಆ ಪಾಚಿಯಿಂದಲೇ ಬರೋದು. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಬಿಸಿಲು ಗೊತ್ತಲ್ವಾ, ಜೊತೆಗೆ ಪಂಪು, ಲೈಟಿನ ಕಾವು. ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ನಮ್ಮ ಒಣಗಾಳಿಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆವಿಯಾಗಿ ಉಪ್ಪು ಉಳಿದುಬಿಡುತ್ತದೆ. ದಿನಾ ಸಿಹಿನೀರು ಸೇರಿಸಿ ಉಪ್ಪಿನಂಶ ಸಾವಿರ ಭಾಗಕ್ಕೆ 35ಕ್ಕೆ ತರಬೇಕು. ಮಳೆಗಾಲದ ತೇವದಲ್ಲಿ ಫ್ಯಾನಿನಿಂದ ಅಷ್ಟು ಪ್ರಯೋಜನ ಇಲ್ಲ.

ನನ್ನದು ಕಾಲು ಎಚ್‌ಪಿ ಚಿಲ್ಲರ್. ಒಳಗಿನ ಸುರುಳಿ ಟೈಟಾನಿಯಂನದೇ ಇರಬೇಕು, ಇದನ್ನು ಕೇಳಿಯೇ ಕೊಳ್ಳಿ. ತಾಮ್ರವಾದರೆ ಅದು ನೀರಿಗೆ ಬಿಟ್ಟುಕೊಂಡು ಸೀಗಡಿ, ಹವಳ ಸಾಯುತ್ತವೆ. ಚಿಲ್ಲರ್ ಬಿಸಿಗಾಳಿ ಉಗುಳುತ್ತದೆ. ಟ್ಯಾಂಕ್ ಇರುವ ರೂಮಲ್ಲೇ ಇಟ್ಟರೆ ರೂಮು ಕಾದು ಅದಕ್ಕೇ ಕೆಲಸ ಜಾಸ್ತಿ. ಹಾಗಾಗಿ ನಮ್ಮದು ಹಿಂದಿನ ವರಾಂಡದಲ್ಲಿದೆ. ಗೋಡೆಗೆ ತೂತು ಹಾಕಿ ಪೈಪ್ ಎಳೆದು, ಎಸಿಯವರು ಸುತ್ತುವ ಕಪ್ಪು ಫೋಮ್ ಸುತ್ತಿದ್ದೇವೆ. ಜಾಲರಿ ಬಿಚ್ಚಿದರೆ ಧೂಳು, ನೂಲು ಸೇರಿ ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ. ಒಣ ಪೇಂಟ್ ಬ್ರಷ್‌ನಿಂದ ಮೇಲಿಂದ ಕೆಳಗೆ ಒರೆಸಬೇಕು. ಅಡ್ಡ ಒರೆಸಿದರೆ ತೆಳ್ಳನೆ ಫಿನ್‌ಗಳು ಬಾಗುತ್ತವೆ. ಬೇಸಿಗೆಯಲ್ಲಿ ಇದನ್ನು ತಪ್ಪಿಸಿದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ, ಕರೆಂಟ್ ಬಿಲ್ಲಲ್ಲಿ ಕಾಣುತ್ತದೆ.

ನೀರಿನ ವಿಷಯ. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅಡುಗೆಮನೆ ಆರ್‌ಓ ನೀರು ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗಲ್ಲ. ಕುಡಿಯಲು ರುಚಿ ಇರಲಿ ಅಂತ ಅದರಲ್ಲಿ ಎಷ್ಟೋ ಮಾಡೆಲ್‌ಗಳು ಸ್ವಲ್ಪ ಮೂಲ ನೀರನ್ನೇ ಮತ್ತೆ ಬೆರೆಸುತ್ತವೆ. ಟ್ಯಾಂಕಿಗೆ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) ಮೀಟರಿನಲ್ಲಿ ಸೊನ್ನೆ ಬರಬೇಕು. ಅದಕ್ಕೇ ಮೆಂಬ್ರೇನ್ (ಸೋಸುವ ಪೊರೆ) ಆದ ಮೇಲೆ ಡಿಐ ರೆಸಿನ್, ಅಂದರೆ ಉಳಿದ ಲವಣ ಹೀರುವ ಸಣ್ಣ ಮಣಿಗಳು. ಬಣ್ಣ ಬದಲಾಗುವ ರೆಸಿನ್ ತಗೊಂಡರೆ ಒಳ್ಳೆಯದು. ನೀರು ಬರುವ ಕಡೆಯಿಂದ ಬಣ್ಣ ತಿರುಗುತ್ತಾ ಬರುತ್ತದೆ, ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಗಡಸು ನೀರಿಗೆ ಅದು ಬೇಗ ಮುಗಿಯುತ್ತದೆ, ಆ ಖರ್ಚು ಲೆಕ್ಕಕ್ಕೆ ಇಟ್ಟುಕೊಳ್ಳಿ. ಫಿಲ್ಟರ್ ಬೇರ್ಪಡಿಸಿ ಹೊರಬಿಡುವ ನೀರನ್ನು ನೆಲ ಒರೆಸಲು, ಬಾತ್‌ರೂಮಿಗೆ ಬಳಸುತ್ತೇವೆ.

ಟ್ಯಾಂಕಿನಲ್ಲಿ ಇರುವುದು ಒಂದು ಜೊತೆ ಕ್ಲೌನ್ ಮೀನು, ಜೊತೆಗೆ ಝೋಆಂಥಿಡ್, ಮಶ್ರೂಮ್ ಕೋರಲ್ ಎಂಬ ಮೆತ್ತನೆ ಹವಳದಂಥ ಜೀವಿಗಳು. ಲೈಟ್ ಹತ್ತಿದ ಮೇಲೆ ಮುದುಡಿದ್ದ ಝೋಆಂಥಿಡ್ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಮನೆಯವರೆಲ್ಲ ಕೂತು ನೋಡುತ್ತೇವೆ. ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳ ಕೊಡ್ತೀವಿ ಅನ್ನುವವರಿದ್ದಾರೆ, ಕೊಳ್ಳಬೇಡಿ. ನಮ್ಮ ಸಮುದ್ರದ ಆ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ 1ನೇ ಶೆಡ್ಯೂಲ್‌ನಲ್ಲಿವೆ. ಹುಲಿಗಿರುವಷ್ಟೇ ರಕ್ಷಣೆ. ಟ್ಯಾಂಕಿಗೆ ಹಾಕುವ ಕಲ್ಲು ಕೂಡ ಒಣಗಿದ್ದೇ ತಂದು, ಮೀನಿನ ಕೊಳೆ ಒಡೆಯುವ ಬ್ಯಾಕ್ಟೀರಿಯಾ ಬೆಳೆಯಲು ಐದಾರು ವಾರ ಮೀನಿಲ್ಲದೆ ಬಿಡಿ. ಕ್ಲೌನ್ ಮೀನು ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಸಿದ್ಧ ಮಾಡಿದೆ. ಸಾಕಿದ ಮೀನನ್ನೇ ಕೇಳಿ ತಗೊಳ್ಳಿ.

ಕರೆಂಟ್ ಹೋದರೆ ಮೊದಲು ಬೇಕಾದ್ದು ನೀರಿನ ಓಟ. ಇನ್ವರ್ಟರ್‌ಗೆ ಸಣ್ಣ ಪಂಪನ್ನು ಮಾತ್ರ ಕೊಟ್ಟಿದ್ದೇನೆ, ಚಿಲ್ಲರ್ ಕೊಟ್ಟಿಲ್ಲ.

ಚಿಲ್ಲರ್ ಬಗ್ಗೆ ನನ್ನ ಒಂದೇ ದೂರು ಸರ್ವಿಸ್. ಕಂಪನಿಯವರು ಇಲ್ಲಿಗೆ ಬರಲ್ಲ, ವಾರಂಟಿ ಬೇಕಿದ್ದರೆ ಬೆಂಗಳೂರಿಗೆ ಪಾರ್ಸೆಲ್ ಮಾಡಿ ಅಂದರು. ಮೇ ತಿಂಗಳಲ್ಲಿ ಟ್ಯಾಂಕ್ ಬಿಟ್ಟು ಅದನ್ನು ಕಳಿಸುವುದು ಹೇಗೆ? ವಾರಂಟಿ ಮುಗಿದ ಮೇಲೆ ಇಲ್ಲಿನ ಫ್ರಿಜ್ ಮೆಕ್ಯಾನಿಕ್ಕೇ ಗ್ಯಾಸ್ ತುಂಬಿಕೊಟ್ಟರು, ಈಗಲೂ ಚೆನ್ನಾಗಿ ಓಡುತ್ತಿದೆ.