ಹಂಪಿ, ಮುಳ್ಳಯ್ಯನಗಿರಿ ಮತ್ತು ಎರಡು ಲೆನ್ಸ್‌ಗಳು

ಭೂದೃಶ್ಯದ ಫೋಟೋ ಎಂದರೆ ವೈಡ್ ಆಂಗಲ್, ಅಂದರೆ ಅಗಲವಾದ ನೋಟ ಹಿಡಿಯುವ ಲೆನ್ಸೇ ಬೇಕು ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಕಳೆದ ಚಳಿಗಾಲದ ಪ್ರವಾಸದಲ್ಲಿ ನನ್ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ ಕ್ಯಾನನ್‌ನ 10-18 ಎಂಎಂ ವೈಡ್ ಲೆನ್ಸ್ ಮತ್ತು ದೂರದ್ದನ್ನು ಹತ್ತಿರ ತರುವ 55-250 ಎಂಎಂ ಟೆಲಿ ಲೆನ್ಸ್‌ಗಳನ್ನು ಬದಲಿಸುತ್ತಾ, ಒಂದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದು ನೋಡಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಹಂಪಿಯಲ್ಲಿ ಕತ್ತಲಿರುವಾಗಲೇ ಮಾತಂಗ ಬೆಟ್ಟ ಹತ್ತಿದ್ದೆ. ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರ ಪೂರ್ವಾಭಿಮುಖವಾದ್ದರಿಂದ ಬೆಳಗಿನ ಬಿಸಿಲು ನೇರವಾಗಿ ಅದರ ಮುಖಕ್ಕೇ ಬೀಳುತ್ತದೆ. 10 ಎಂಎಂನಲ್ಲಿ ಆಕಾಶ, ಬಂಡೆಗಳು, ನನ್ನ ಚಪ್ಪಲಿಯ ತುದಿ ಎಲ್ಲವೂ ಬಂದವು, ಗೋಪುರ ಮಾತ್ರ ಊದಿನಕಡ್ಡಿಯ ತುಂಡಿನಷ್ಟಾಗಿ ಉಳಿಯಿತು. 55-250ರಲ್ಲಿ ಸುಮಾರು 130ಕ್ಕೆ ತಂದಾಗ, ಗೋಪುರವೂ ಅದರ ಮುಂದೆ ಚಾಚಿಕೊಂಡ ಹಳೆಯ ಬಜಾರಿನ ಕಲ್ಲುಕಂಬಗಳ ಸಾಲೂ ಒಂದೇ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತವು.

ಆದರೆ ಕೆಳಗಿಳಿದು ತುಂಗಭದ್ರೆಯ ದಡಕ್ಕೆ ಬಂದಾಗ ಲೆಕ್ಕ ತಿರುಗಿತು. ಅಲ್ಲಿ ಬಂಡೆಯೊಂದರ ಗುಳಿಯಲ್ಲಿ ಬೊಗಸೆಯಷ್ಟು ನೀರು ನಿಂತಿತ್ತು, ಅದರಲ್ಲಿ ಒಂದು ಒಣ ಎಲೆ ತೇಲುತ್ತಿತ್ತು. ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು, 10 ಎಂಎಂ, ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟು ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಆ ಎಲೆಯಿಂದ ಹಿಡಿದು ಆಚೆ ದಡದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿ ಬಂದಿತು. ವೈಡ್ ಲೆನ್ಸಿಗೆ ಹೀಗೆ ಕಾಲ ಬುಡದಲ್ಲೇ ಏನಾದರೂ ಬೇಕು. ಅದಿಲ್ಲದಿದ್ದರೆ ಚಿತ್ರದ ಅರ್ಧಭಾಗ ಬರಿದಾಗುತ್ತದೆ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಇದೇ ಕೊರತೆ ಎದ್ದು ಕಂಡಿತು. ಒಂದರ ಹಿಂದೊಂದು ತಿಳಿಯಾಗುತ್ತಾ ಹೋಗುವ ಗಿರಿಸಾಲುಗಳು ವೈಡ್‌ನಲ್ಲಿ ಬರಿಯ ಗೆರೆಯಂತಾದವು. 200 ಎಂಎಂನಲ್ಲಿ ಅವೇ ಪದರಪದರವಾಗಿ ನಿಂತವು. ಅಲ್ಲಿನ ಗಾಳಿಯಲ್ಲಿ ಟೆಲಿ ಲೆನ್ಸ್ ಅಲುಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ: ಟ್ರೈಪಾಡಿಗೆ ಚೀಲ ತೂಗುಹಾಕಿದೆ, ಚೀಲವೇ ಜೋಕಾಲಿಯಾಡಿ ಮೊದಲ ಹತ್ತು ಚಿತ್ರಗಳನ್ನು ಕೆಡಿಸಿತು. ಬಿಸಿಲೇರಿದ ಮೇಲೆ ದೂರದ ಮಬ್ಬು ಕೂಡ ಟೆಲಿಯಲ್ಲಿ ಎದ್ದು ಕಾಣುತ್ತದೆ.

ಆಕಾಶದ ನೀಲಿಯನ್ನು ಗಾಢಗೊಳಿಸುವ ಪೋಲರೈಸರ್ ಫಿಲ್ಟರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಮೇಲೆ ಅದರ ಪರಿಣಾಮ ಹೆಚ್ಚಾದ್ದರಿಂದ, ವೈಡ್ ಲೆನ್ಸಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗಿ ಅಸಹಜವಾಗಿ ಕಾಣುತ್ತದೆ. ಟೆಲಿಯಲ್ಲಿ ಈ ತೊಂದರೆಯಿಲ್ಲ. ನಾನು ವೈಡ್ ಲೆನ್ಸಿನ ಒಂದೇ 67 ಎಂಎಂ ಫಿಲ್ಟರನ್ನು ಸ್ಟೆಪ್-ಅಪ್ ರಿಂಗ್ (ಚಿಕ್ಕ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ 58 ಎಂಎಂ ಬಾಯಿಯ ಟೆಲಿಗೂ ಬಳಸುತ್ತೇನೆ.

ತೂಕದಲ್ಲಿ ವೈಡ್ 240 ಗ್ರಾಂ, ಟೆಲಿ 375 ಗ್ರಾಂ. ಹೆಗಲಿಗೆ ಹೇಳಿಕೊಳ್ಳುವ ವ್ಯತ್ಯಾಸವೇನಿಲ್ಲ. ಒಂದನ್ನೇ ಒಯ್ಯಬೇಕಾದರೆ ಈಗ ನಾನು ಬೆಟ್ಟದ ಊರುಗಳಿಗೆ 55-250ನ್ನೇ ಒಯ್ಯುತ್ತೇನೆ, ವಿಶಾಲ ನೋಟ ಬೇಕೆನಿಸಿದಾಗ ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಪಕ್ಕಪಕ್ಕದ ನಾಲ್ಕೈದು ಚಿತ್ರಗಳನ್ನು ತೆಗೆದು ಮನೆಯಲ್ಲಿ ಜೋಡಿಸಿಕೊಳ್ಳುತ್ತೇನೆ. ಹಾಗೆಂದು 10-18ನ್ನು ಮಾರಿಲ್ಲ: ತೀರಾ ಹತ್ತಿರದ ವಸ್ತುಗಳು ಹಾಗೆ ಜೋಡಿಸುವಾಗ ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಆ ಗುಳಿಯ ನೀರಿಗೆ ಅದೇ ಬೇಕು.