ಈಜುಕೊಳಕ್ಕೆ ಕ್ಲೋರಿನ್: ಪುಡಿಯೋ, ಹೈಪೋವೋ, ಮಾತ್ರೆಯೋ?

ಮಂಗಳೂರು, ಉಡುಪಿ ಕಡೆಯ ಹೋಂಸ್ಟೇ ಕೊಳಗಳಿಗೆ ತುಂಬುವುದು ಹೆಚ್ಚಾಗಿ ಮುರಕಲ್ಲಿನ ಬಾವಿಯ ನೀರು. ಮೆದು ನೀರು, ಹಲವು ಕಡೆ ಪಿಎಚ್ 7ಕ್ಕಿಂತ ಕಡಿಮೆ, ಅಂದರೆ ತುಸು ಆಮ್ಲೀಯ. ಇದನ್ನು ಮರೆತು ಬರೀ ಬೆಲೆ ನೋಡಿ ಕ್ಲೋರಿನ್ ಕೊಂಡರೆ ಟೈಲ್ಸ್ ನಡುವಿನ ಸಿಮೆಂಟ್ ಎದ್ದು ಬರುತ್ತದೆ.

50,000 ಲೀಟರಿನ ಕೊಳಕ್ಕೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಏರಿಸಲು 100 ಗ್ರಾಂ ಕ್ಲೋರಿನ್ ಸಾಕು. ಶೇ. 33ರ ಬ್ಲೀಚಿಂಗ್ ಪೌಡರ್ ಆದರೆ 300 ಗ್ರಾಂ, ಶೇ. 10ರ ಹೈಪೋ (ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್) 1 ಲೀಟರ್, ಶೇ. 90ರ ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ) ಮಾತ್ರೆ ಸುಮಾರು 110 ಗ್ರಾಂ. ಲೆಕ್ಕ ಇಷ್ಟೇ, ವ್ಯತ್ಯಾಸವೆಲ್ಲ ಜೊತೆಗೆ ಬರುವ ವಸ್ತುಗಳಲ್ಲಿದೆ.

ಬ್ಲೀಚಿಂಗ್ ಪೌಡರ್ ಅಗ್ಗ, ಬಾವಿಗೆ ಒಳ್ಳೆಯದು. ಕೊಳಕ್ಕೆ ಹಾಕಿದರೆ ಸುಣ್ಣದ ಗಸಿ ಮರಳಿನ ಫಿಲ್ಟರನ್ನು ಕಟ್ಟಿಹಾಕುತ್ತದೆ. ಹಾಕಲೇಬೇಕಾದರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸುರಿಯಿರಿ. ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಗಂಟುಗಟ್ಟಿ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ 300 ಗ್ರಾಂ ಎಂಬ ಲೆಕ್ಕಕ್ಕೆ ಅರ್ಥವಿಲ್ಲ.

ಮಾತ್ರೆ ಸೋಮಾರಿಗಳ ಸ್ನೇಹಿತ: ತೇಲುವ ಡಬ್ಬಿಯಲ್ಲಿಟ್ಟು ಮರೆಯಬಹುದು. ಆದರೆ ಅದು ಆಮ್ಲೀಯ, ನಮ್ಮ ನೀರಿನ ಪಿಎಚ್ ಇನ್ನೂ ಇಳಿಯುತ್ತದೆ. ಜೊತೆಗೆ, ಕೊಟ್ಟ ಪ್ರತಿ 1 ಪಿಪಿಎಂ ಕ್ಲೋರಿನ್‌ಗೆ 0.6 ಪಿಪಿಎಂ ಸಯನ್ಯೂರಿಕ್ ಆಮ್ಲ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂನಂತೆ ಹಾಕಿದರೆ ನಲವತ್ತು ದಿನಕ್ಕೆ ಅದು 50 ಮುಟ್ಟಿತು. ಅಷ್ಟು ಇದ್ದರೆ ಬಿಸಿಲಿನಿಂದ ಕ್ಲೋರಿನ್ನಿಗೆ ರಕ್ಷಣೆ. 100 ದಾಟಿದರೆ ಕ್ಲೋರಿನ್ ಇದ್ದೂ ಪಾಚಿ ಬರುತ್ತದೆ. ಮಳೆಗಾಲದಲ್ಲಿ ಕೊಳ ಉಕ್ಕಿ ಹರಿದು ತಾನೇ ತೆಳುವಾಗುತ್ತದೆ, ಜನವರಿಯಿಂದ ಮೇವರೆಗೆ ಆ ಭಾಗ್ಯವಿಲ್ಲ. ಒಂದಷ್ಟು ನೀರು ಹೊರಹಾಕದೆ ಬೇರೆ ದಾರಿಯಿಲ್ಲ.

ಹಾಗಾಗಿ ನಮ್ಮ ಆಯ್ಕೆ: ಬೇಸಿಗೆಯ ಆರಂಭದಲ್ಲಿ ಒಂದೂವರೆ ತಿಂಗಳು ಮಾತ್ರೆ, ಉಳಿದಂತೆ ಹೈಪೋ. ಹೈಪೋ ಪಿಎಚ್ ಏರಿಸುವ ಕಡೆಗೇ ಎಳೆಯುತ್ತದೆ, ಇಲ್ಲಿನ ನೀರಿಗೆ ಅದೇ ಹಿತ. ಎರಡು ವಾರಕ್ಕಾಗುವಷ್ಟೇ ತಂದು ನೆರಳಿನಲ್ಲಿಡಿ, ಬಿಸಿಲಿಗೆ ಬೇಗ ಸಪ್ಪೆಯಾಗುತ್ತದೆ. ಗಾಳಿ ಹೊರಹೋಗುವ ಮುಚ್ಚಳವಿರುವ ಕ್ಯಾನೇ ಬೇಕು. ಸಂಜೆ, ಪಂಪ್ ಓಡುತ್ತಿರುವಾಗ, ನೀರು ಮರಳಿ ಬರುವ ಕೊಳವೆಯ ಎದುರು ನಿಧಾನವಾಗಿ ಸುರಿಯಿರಿ. ಪಿಎಚ್ 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ ಇರಬೇಕು.

ಮೂರಕ್ಕೂ ಒಂದೇ ಚಮಚ, ಒಂದೇ ಬಕೆಟ್ ಬೇಡ. ಮಾತ್ರೆ ಇಟ್ಟಿದ್ದ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಬಿದ್ದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹೈಪೋಗೆ ಟಾಯ್ಲೆಟ್ ಆಸಿಡ್ ತಾಗಿದರೆ ವಿಷಗಾಳಿ. ಯಾವಾಗಲೂ ನೀರಿಗೆ ರಾಸಾಯನಿಕ ಹಾಕಿ, ರಾಸಾಯನಿಕಕ್ಕೆ ನೀರಲ್ಲ.

ಹೆಸರು ಗೊಂದಲ ಮಾಡುವ ಇನ್ನೊಂದು ಚೀಲ ಕ್ಯಾಲ್ಸಿಯಂ ಕ್ಲೋರೈಡ್. ಬ್ಲೀಚಿಂಗ್ ಪೌಡರಿನ ಸತ್ವವಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೇರೆ, ಇದು ಬೇರೆ. ಇದು ಕ್ರಿಮಿ ಕೊಲ್ಲುವುದಿಲ್ಲ. ಹಿಮ ಬೀಳುವ ಊರುಗಳಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಿಸಲು ಎರಚುವುದು ಇದನ್ನೇ. ಅಡುಗೆ ಉಪ್ಪು ಸೋಲುವ ಚಳಿಯಲ್ಲೂ ಕೆಲಸ ಮಾಡುತ್ತದೆ. ಅಲ್ಲಿಯ ನೆಂಟರು ಕೇಳಿದರೆಂದು ಕ್ಲೋರಿನ್ ಪುಡಿ ಎರಚಲು ಹೇಳಬೇಡಿ. ನಮ್ಮಲ್ಲಿ ಇದರ ಕೆಲಸ, ಟೈಲ್ಸ್ ಸಿಮೆಂಟ್ ಉಳಿಯಲೆಂದು ಮೆದು ನೀರನ್ನು ಗಡುಸು ಮಾಡುವುದು: 50,000 ಲೀಟರಿಗೆ ಗಡಸುತನ 50 ಪಿಪಿಎಂ ಏರಿಸಲು ಮಾಮೂಲು ಹರಳು ಸುಮಾರು 3.6 ಕಿಲೋ. ಬಕೆಟ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಒಂದೊಂದೇ ಕಿಲೋ ಕರಗಿಸಿ. ಚೀಲದ ಬಾಯಿ ಬಿಗಿಯಾಗಿ ಕಟ್ಟಿ. ಆಟಿಯ (ಆಷಾಢದ ಮಳೆಯ) ತೇವಕ್ಕೆ ಅದು ತಾನೇ ನೀರಾಗಿ ಹರಿಯುತ್ತದೆ.