ಟ್ರೆಡ್‌ಮಿಲ್, ಕುಕ್ಕರಹಳ್ಳಿ ಕೆರೆ, ಬೆಟ್ಟದ ಮೆಟ್ಟಿಲು, ಒಂದು ಕುರ್ಚಿ: 66ರಲ್ಲಿ ನನಗೆ ಒಗ್ಗಿದ್ದು ಯಾವುದು?

ನಮ್ಮ ಹಾಲ್‌ನಲ್ಲಿ ಈಗ ಟ್ರೆಡ್‌ಮಿಲ್ ಇಲ್ಲ. ಅದಿದ್ದ ಜಾಗದಲ್ಲಿ ಕೈಯಿಲ್ಲದ ಮರದ ಕುರ್ಚಿಯೊಂದಿದೆ, ಪಕ್ಕದ ಮೊಳೆಗೆ ವ್ಯಾಯಾಮಕ್ಕೆ ಎಳೆಯುವ ಮೂರು ರಬ್ಬರ್ ಬ್ಯಾಂಡ್ ನೇತುಹಾಕಿದ್ದೇನೆ. ಪಿಂಚಣಿ ದುಡ್ಡಿನಲ್ಲಿ 34,000 ರೂಪಾಯಿ ಕೊಟ್ಟು ತಂದ ಮೆಷಿನ್ನನ್ನು ಏಳು ತಿಂಗಳಿಗೆ 15,000ಕ್ಕೆ ಮಾರಿದೆ. ನನ್ನನ್ನು ನೆಲದಿಂದ ಎಬ್ಬಿಸಿದ್ದು 650 ರೂಪಾಯಿಯ ಬ್ಯಾಂಡು.

ಎಬ್ಬಿಸಿದ್ದು ಅಂದರೆ ನಿಜವಾಗಿಯೂ ಎಬ್ಬಿಸಿದ್ದು. ಕಳೆದ ಕಾರ್ತಿಕದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದೆ, ಆಮೇಲೆ ಏಳಲು ಆಗಲಿಲ್ಲ. ತಂಗಿಯ ಸೊಸೆ ಕಂಕುಳಿಗೆ ಕೈಕೊಟ್ಟು ಎತ್ತಿದಳು. ಮಂಡಿನೋವು ಇರಲಿಲ್ಲ, ತೊಡೆಯಲ್ಲಿ ಬಲವೇ ಇರಲಿಲ್ಲ. ಮೂವತ್ತು ವರ್ಷ ನಿಂತೇ ಪಾಠ ಮಾಡಿದವಳು ನಾನು, ಆ ರಾತ್ರಿ ನಿದ್ದೆ ಬರಲಿಲ್ಲ. ಮರುವಾರವೇ ಟ್ರೆಡ್‌ಮಿಲ್ ಬಂತು.

ನಡೆಯಲು ಅದು ಚೆನ್ನಾಗಿಯೇ ಇತ್ತು. ಚಳಿಗಾಲದ ಕತ್ತಲಲ್ಲಿ ಹೊರಗೆ ಹೋಗಬೇಕಿಲ್ಲ, ಬೀದಿನಾಯಿಗಳ ಭಯವಿಲ್ಲ. ನನ್ನನ್ನು ಸುಸ್ತು ಮಾಡಿದ್ದು ಕರೆಂಟು.

ನಮ್ಮದು ಹಳೆಯ ಮನೆ. ಹಾಲ್‌ನಲ್ಲಿ ಇರುವುದೆಲ್ಲ ಟಿವಿ, ಫ್ಯಾನಿಗೆ ಸಾಕಾಗುವ ಸಣ್ಣ ಪಾಯಿಂಟುಗಳು. ಈ ಮೆಷಿನ್‌ಗೆ ಗೀಸರ್‌ಗೆ ಇರುವಂಥ ದೊಡ್ಡ ಪಾಯಿಂಟ್ ಬೇಕಂತೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡಿನಿಂದ ಬೇರೆ ವೈರ್ ಎಳೆದು, ಗೋಡೆ ಕೊರೆದು ಹೋಗುವಾಗ ಇನ್ನೂ 2,800 ಕೈಬಿಟ್ಟಿತು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿಮಳೆ ಎದ್ದರೆ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗುತ್ತದೆ. ಬೆಲ್ಟಿನ ಮೇಲೆ ನಡೆಯುತ್ತಿರುವಾಗ ಹಾಗಾದರೆ ಬೆಲ್ಟ್ ಗಕ್ಕನೆ ನಿಂತು ಮೈ ಮುಂದಕ್ಕೆ ಮುಗ್ಗರಿಸುತ್ತದೆ. ಅಂಗಿಗೆ ಸಿಕ್ಕಿಸುವ ಸೇಫ್ಟಿ ಕೀ ಇಲ್ಲಿ ಪ್ರಯೋಜನಕ್ಕೆ ಬಾರದು. ನಾವು ಬಿದ್ದಾಗ ಮೆಷಿನ್ ನಿಲ್ಲಿಸುವುದು ಅದರ ಕೆಲಸ, ಇಲ್ಲಿ ಮೆಷಿನ್ನೇ ಮೊದಲು ನಿಲ್ಲುತ್ತದೆ. ಮನೆಯ ಇನ್ವರ್ಟರ್ ದೀಪ, ಫ್ಯಾನಿಗಷ್ಟೇ, ಈ ಮೋಟರಿನ ಹೊರೆ ಅದು ಹೊರುವುದಿಲ್ಲ. ಎರಡು ಸಲ ಎದೆ ಹೋಗಿ ಮುಂದಿನ ಕಂಬಿಗೆ ಬಡಿದ ಮೇಲೆ ಹಿಡಿಕೆ ಬಿಡದೆ ನಡೆಯುವುದನ್ನು ರೂಢಿ ಮಾಡಿಕೊಂಡೆ. ಕೆಟ್ಟದ್ದಾದದ್ದು ಅಲ್ಲೇ. ಹಿಡಿಕೆ ಹಿಡಿದರೆ ಮೈಭಾರ ತೋಳಿಗೆ ಹೋಗುತ್ತದೆ, ಸಮತೋಲನ ಕಾಯುವ ಕೆಲಸ ಕಾಲಿಗೆ ತಪ್ಪುತ್ತದೆ. ಬೀಳಬಾರದೆಂದು ಕೊಂಡ ಮೆಷಿನ್ ಮೇಲೆ ಬೀಳುವ ಭಯದಲ್ಲೇ ನಡೆದೆ.

ಬೆಲ್ಟಿಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡಬೇಕು, ಅದು ಒಂದು ಮಗ್ಗುಲಿಗೆ ಸರಿದರೆ ಹಿಂದಿನ ಬೋಲ್ಟ್ ತಿರುಗಿಸಿ ಸರಿಮಾಡಬೇಕು.

ಬರೀ ನಡಿಗೆಯೇ ಆದರೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮುಂದೆ ಯಾವ ಮೆಷಿನ್ನೂ ನಿಲ್ಲದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿಸಿದ ಕೆರೆ, ನಮ್ಮಂಥವರ ಮಂಡಿಗೆ ಹಿತವಾದ ಮಣ್ಣಿನ ದಾರಿ. ಒಂದು ಸುತ್ತಿಗೆ ನನಗೆ ಒಂದು ಗಂಟೆ ಹಿಡಿಯುತ್ತದೆ. ನೀರಿನ ಮೇಲೆ ಹೆಜ್ಜಾರ್ಲೆ ಇಳಿಯುವುದನ್ನು ನೋಡುತ್ತಾ ಗಂಟೆ ಹೋದದ್ದೇ ತಿಳಿಯುವುದಿಲ್ಲ. ತೊಡಕೆಂದರೆ ಅಲ್ಲಿಗೆ ಹೋಗಿ ಬರಲು ಆಟೊ ಖರ್ಚು.

ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರಕ್ಕೂ ಹೆಚ್ಚು. ತೊಡೆಗೆ ಒಳ್ಳೆಯ ಕೆಲಸ, ಆದರೆ ಬಲ ಬರುವ ಮುಂಚೆ ಹೋಗಬೇಡಿ. ಮಂಡಿಗೆ ಏಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಅದಕ್ಕೇ ನಾನು ಹತ್ತಿ, ತಾಯಿಯ ದರ್ಶನ ಮಾಡಿ, 201 ನಂಬರ್ ಬಸ್ಸಿನಲ್ಲಿ ಇಳಿಯುತ್ತೇನೆ. ಸಾದಾ ಬಸ್ಸಾದರೆ ಹೆಂಗಸರಿಗೆ ಟಿಕೆಟ್ಟೂ ಇಲ್ಲ.

ಇನ್ನು ಕುರ್ಚಿ. ಟ್ರೆಡ್‌ಮಿಲ್‌ ಬಂದು ಆರು ತಿಂಗಳಾದರೂ ನೆಲದಿಂದ ಏಳಲಾಗದೆ ಫಿಸಿಯೊಥೆರಪಿಸ್ಟ್ ಬಳಿ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಅಡ್ಡ ಇಡಿಸಿ, “30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ ನೋಡೋಣ ಅಮ್ಮ” ಅಂದಳು. ಎಂಟು. 65ರಿಂದ 69ರ ಹೆಂಗಸರಿಗೆ ಅದು 11ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಇದೆ ಎಂದೇ ಲೆಕ್ಕ. “ನಡಿಗೆ ಹೃದಯಕ್ಕೆ ಒಳ್ಳೇದು, ಬಿಡಬೇಡಿ. ಆದ್ರೆ ಸ್ನಾಯುಗೆ ಭಾರ ಬೇಕು” ಅಂದಳು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ, ಜೊತೆಗೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ. ಆ ಎರಡನೆಯ ಅರ್ಧವನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಅವಳು ಕಲಿಸಿದ್ದು ಸುಲಭ. ಕುರ್ಚಿಯಿಂದ ಹತ್ತು ಸಲ ಏಳುವುದು, ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರುವುದು, ಹೀಗೆ ಮೂರು ಸುತ್ತು. ಬ್ಯಾಂಡನ್ನು ಕಿಟಕಿಯ ಸರಳಿಗೆ ಸುತ್ತಿ ಎದೆಯ ಕಡೆ ಎಳೆಯುವುದು. ತೊಡೆಗೆ ಸುತ್ತಿ ಕಾಲು ಅಗಲಿಸುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕುಕ್ಕರ್ ಕೂಗುವಷ್ಟರಲ್ಲಿ ಒಂಟಿ ಕಾಲಿನ ಅಭ್ಯಾಸವೂ ಆಗುತ್ತದೆ. ಬಿಪಿ ಇರುವವರು ಎಳೆಯುವಾಗ ಉಸಿರು ಬಿಗಿಹಿಡಿಯಬಾರದು. ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ, ಕಿತ್ತುಬಂದರೆ ಮುಖಕ್ಕೇ ಬಡಿಯುತ್ತದೆ.

ನಾಲ್ಕು ತಿಂಗಳಿಗೆ ಎಂಟು ಹದಿಮೂರಾಯಿತು. ಈ ಸಲ ಗೌರಿ ಹಬ್ಬಕ್ಕೆ ನೆಲದ ಮೇಲೆ ಕೂತು ಬಾಗಿನ ಕೊಟ್ಟು, ಒಂದು ಕೈ ಊರಿ ನಾನೇ ಎದ್ದೆ. ಅದೇ ತಂಗಿಯ ಸೊಸೆ ಎದುರಿಗಿದ್ದಳು. ನನ್ನ ಕಣ್ಣು ತುಂಬಿತು.

ಈಗ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಕುರ್ಚಿ ಮತ್ತು ಬ್ಯಾಂಡು. ಉಳಿದ ಬೆಳಗ್ಗೆಗಳಲ್ಲಿ ಎರಡು ದಿನ ಕೆರೆ, ಇನ್ನೆರಡು ದಿನ ನಮ್ಮದೇ ಪಾರ್ಕು, ತಿಂಗಳಿಗೊಮ್ಮೆ ಬೆಟ್ಟ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾ ಹೊರಗೆ ಹೋಗಲಾಗದವರು, ಅಪಾರ್ಟ್‌ಮೆಂಟಿನ ಜನರೇಟರ್ ಮೆಷಿನ್‌ಗೂ ಕರೆಂಟು ಕೊಡುವಂತಿದ್ದರೆ ಮಾತ್ರ, ಟ್ರೆಡ್‌ಮಿಲ್ ಕೊಳ್ಳಿ. ಕೊಂಡರೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಳ್ಳಿ, ಗೋಡೆಗೆ ಒರಗಿಸಿ, ಜಾರದ ಹಾಗೆ.